ನಮಗಾಗಿ ತೊಳೆದಿಟ್ಟ ಬಾತ್‌ರೂಮು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳ ಕಿವಿ ರಿಟೈರ್ ಆಗುವುದಿಲ್ಲ. ಟ್ರಂಕ್ ಕಾಲ್‌ಗಳ ಕಾಲದಲ್ಲಿ ನಾನು ತಲೆಗೆ ಹೆಡ್‌ಫೋನ್ ಏರಿಸಿಕೊಂಡು ಊರುಗಳನ್ನು ಒಂದಕ್ಕೊಂದು ಜೋಡಿಸುತ್ತ ಕೂತಿರುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಇಂಗ್ಲಿಷ್ ಚೆನ್ನಾಗಿದೆ ಎಂದು ಸಿಕ್ಕಿದ ಕೆಲಸ ಅದು. ಲೈನು ಸರಿಯಿದೆಯೇ ಎಂದು ತಿಳಿಯುವಷ್ಟು ಮಾತ್ರ ಕೇಳಬೇಕು, ಹೆಚ್ಚು ಕೇಳಬಾರದು ಎನ್ನುವುದು ರೂಲು. ಆಫ್‌ಕೋರ್ಸ್, ನಾವೆಲ್ಲ ಕೇಳುತ್ತಿದ್ದೆವು. ಸುಳ್ಳು ಹೇಳುವವರ ಧ್ವನಿ ನಡುಗುತ್ತದೆ ಎಂದು ಜನ ತಿಳಿದಿದ್ದಾರೆ. ನಡುಗುವುದಿಲ್ಲ. ಇದ್ದಕ್ಕಿದ್ದ ಹಾಗೆ ತೀರಾ ಮಾಮೂಲಾಗಿಬಿಡುತ್ತದೆ. ಅದನ್ನು ಗುರುತಿಸುವುದು ನನಗೆ ಅಭ್ಯಾಸವಾಗಿಹೋಯಿತು, ಇವತ್ತಿಗೂ ಬಿಟ್ಟಿಲ್ಲ. ತರಕಾರಿ ಗಾಡಿಯವನನ್ನೂ ನಾನು ಹಾಗೇ ಕೇಳಿಸಿಕೊಳ್ಳುತ್ತೇನೆ.

ಆ ಸಂಜೆ ತುಳಸಿಗೆ ನೀರು ಹಾಕುತ್ತಿದ್ದೆ. ಪಕ್ಕದ ಮನೆಯ ಹಿತ್ತಲಿನಲ್ಲಿ ನನ್ನ ಗೆಳತಿ ಫೋನಿನಲ್ಲಿ ಮಾತಾಡುತ್ತಿದ್ದುದು ಕಾಂಪೌಂಡಿನ ಮೇಲಿಂದ ಕಿವಿಗೆ ಬಿತ್ತು.

"ಏಳು ಜನ... ಹೌದಪ್ಪಾ, ಎಲ್ಲಾ ಹೆಂಗಸ್ರೇ... ನಾಳೆ ಹತ್ತು, ಹತ್ತೂವರೆಗೆಲ್ಲಾ ಬಂದ್ಬಿಡ್ತೀವಿ... ಇನ್ಯಾರಿಗೂ ಹೇಳೋದ್ ಬೇಡ, ನಿನ್ನಲ್ಲೇ ಇರ್ಲಿ."

ಚೊಂಬು ಹಿಡಿದ ಕೈ ಹಾಗೇ ನಿಂತಿತು. ಏಕೆಂದರೆ ಮಾರನೆಯ ದಿನ ನಾವು ಏಳು ಜನ ಹೆಂಗಸರು ಹೋಗುತ್ತಿದ್ದ ಜಾಗದ ಸುದ್ದಿ ನಮ್ಮ ಏಳು ಜನರ ಹೊರಗೆ ಯಾರಿಗೂ ಗೊತ್ತಾಗಬಾರದು ಎಂದು ಮಾತಾಗಿತ್ತು.

ಬಸವೇಶ್ವರನಗರದ ನಮ್ಮ ಎರಡು ಮನೆಗಳ ನಡುವೆ ಇರುವುದು ಎದೆಯೆತ್ತರದ ಒಂದು ಕಾಂಪೌಂಡು ಅಷ್ಟೇ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಕೈಕೊಟ್ಟ ವಾರಗಳಲ್ಲಿ ಯಾರ ಸಂಪಿನಲ್ಲಿ ನೀರಿದೆಯೋ ಅವರು ಹಸಿರು ಪೈಪನ್ನು ಗೋಡೆಯ ಮೇಲಿಂದ ಆಚೆಗೆ ಎಸೆಯುತ್ತಾರೆ. ಕೇಳುವ ಪದ್ಧತಿಯಿಲ್ಲ, ಥ್ಯಾಂಕ್ಸ್ ಹೇಳುವ ಪದ್ಧತಿಯೂ ಇಲ್ಲ. "ಹಿಡ್ಕೊಳ್ರೀ" ಎನ್ನುವುದೊಂದೇ ಮಾತು. ಇಬ್ಬರೂ ಹೊಸ ಸೊಸೆಯರಾಗಿ ಈ ರಸ್ತೆಗೆ ಬಂದವರು. ನನ್ನ ಯಜಮಾನರು ತೀರಿಕೊಂಡ ವರ್ಷ ಆಕೆ ತಿಂಗಳುಗಟ್ಟಲೆ ನಮ್ಮ ಮನೆಯ ಸೋಫಾದ ಮೇಲೆ ಮಲಗಿದ್ದರು. ಆದರೂ ಇವತ್ತಿನವರೆಗೆ ಒಬ್ಬರನ್ನೊಬ್ಬರು "ನೀನು" ಎಂದಿಲ್ಲ. ಅದೇನೋ ಬಾಯಿಗೆ ಬರುವುದಿಲ್ಲ.

ಆಕೆಯ ಯಜಮಾನರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಅನುಮಾನವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ನಮ್ಮ ನದಿ ಊರಿನ ದಕ್ಷಿಣಕ್ಕೆ, ಕಾಡಿನೊಳಗೆ, ಬಂಡೆಗಳ ನಡುವೆ ಕಿರಿದಾಗಿ ಕಂದರಕ್ಕಿಳಿಯುವ ಕಡೆ ಒಂದು ಅಣೆಕಟ್ಟು ಕಟ್ಟಬೇಕೆನ್ನುವ ಮಾತು ಎಷ್ಟೋ ಕಾಲದಿಂದ ಇದೆ. ಈಚೆಗೆ ಜೋರಾಗಿದೆ. ಕಟ್ಟಿದರೆ ಎರಡೂ ದಂಡೆಯ ಕಾಡು ಮುಳುಗುತ್ತದೆ. ಆನೆಗಳು ಹೊಳೆ ದಾಟುವ ಜಾಗ, ನೀರಿನೊಳಕ್ಕೇ ಬೇರು ಇಳಿಬಿಟ್ಟು ನಿಂತ ಹೊಳೆಮತ್ತಿ ಮರಗಳು, ಕಾಡಂಚಿನ ಹಳ್ಳಿಗಳು, ಎಲ್ಲವೂ. ಯಾರಿಗಾಗಿ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಬೆಂಗಳೂರಿನವರ ಕುಡಿಯುವ ನೀರಿಗಾಗಿ. ಅಂದರೆ ನನಗಾಗಿ. ನನ್ನ ಆ ತುಳಸಿಗಾಗಿ.

"ಸಮುದ್ರಕ್ಕೆ ಸುಮ್ನೆ ಹರಿದುಹೋಗೋ ನೀರು ಮೇಡಂ ಅದು," ಎನ್ನುತ್ತಿದ್ದರು ಇಂಜಿನಿಯರ್ ಸಾಹೇಬರು, ಗೇಟಿನ ಬಳಿ ಪೇಪರ್ ಹಿಡಿದು ನಿಂತು. "ವೇಸ್ಟು. ಶುದ್ಧ ವೇಸ್ಟು."

"ಸಮುದ್ರಕ್ಕೆ ಬಾಯಾರಿಕೆ ಆಗಲ್ವಾ ಸಾರ್?"

"ನೋಡಿದ್ಯೇನೇ," ಎಂದು ಒಳಗಿದ್ದ ಹೆಂಡತಿಯನ್ನು ಕೂಗುತ್ತಿದ್ದರು, "ಕಾನ್ವೆಂಟ್ ಮಾತು ಬಂತು! ಒಂದು ಬಕೆಟ್ ನೀರಿಲ್ದೆ ಎರಡು ದಿನ ಇರಕ್ಕಾಗುತ್ತಾ ಕೇಳು ಇವ್ರನ್ನ."

ಮನುಷ್ಯ ಕೆಟ್ಟವರಲ್ಲ. ಸರ್ವಿಸಿನ ಅರ್ಧ ಆಯಸ್ಸು ಬಿಸಿಲಿನಲ್ಲಿ ಕಾಲುವೆ ಅಳೆಯುತ್ತ ಕಳೆದವರು. ಒಣ ನೆಲಕ್ಕೆ ಮೊದಲ ನೀರು ಹರಿದು ಬಂದಾಗ ರೈತರು ಕಾಲುವೆಗೆ ಆರತಿ ಎತ್ತಿದ್ದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ. ಅಣೆಕಟ್ಟು ಬೇಡ ಎನ್ನುವವರು ಅವರ ಲೆಕ್ಕದಲ್ಲಿ ಎರಡೇ ಬಗೆ: ಹೊರಗಿನವರು ಆಡಿಸಿದಂತೆ ಆಡುವವರು, ಇಲ್ಲವೇ ಹೊತ್ತು ಹೋಗದವರು. ನಾನು ಎರಡನೆಯ ಬಗೆ.

ಗೆಳತಿ ಯಾವ ಬಗೆ ಎಂದು ಅವರು ಕೇಳಿಕೊಂಡಿರಲಾರರು. ಆಕೆ ಅಣೆಕಟ್ಟಿನ ಬಗ್ಗೆ ಮನೆಯಲ್ಲಿ ಬಾಯಿಬಿಡುತ್ತಿರಲಿಲ್ಲ. ಆದರೆ ನನಗೆ ಗೊತ್ತಿತ್ತು. ಬಹಳ ಹಿಂದೆ, ಸಾಹೇಬರು ಆ ಕಡೆ ಕೆಲಸದಲ್ಲಿದ್ದಾಗ, ನಮ್ಮೆರಡು ಸಂಸಾರಗಳನ್ನೂ ಅಲ್ಲಿನ ಇಲಾಖೆಯ ಬಂಗಲೆಗೆ ಕರೆದುಕೊಂಡು ಹೋಗಿದ್ದರು. ಇನ್ಸ್‌ಪೆಕ್ಷನ್ ಬಂಗಲೆ, ನಾವೆಲ್ಲ ಐಬಿ ಎನ್ನುವುದು. ಗಂಡಸರು ಇನ್ನೂ ಗೊರಕೆ ಹೊಡೆಯುತ್ತಿದ್ದಾಗ ನಾವಿಬ್ಬರೂ ಮುಖ ತೊಳೆಯಲು ಹೊಳೆಗಿಳಿದೆವು. ಎದುರಿನ ಬಂಡೆಯ ಮೇಲೆ ನೀರುನಾಯಿಗಳ ಒಂದು ಇಡೀ ಸಂಸಾರ. ಒಂದು ಮರಿಗೆ ನೀರಿಗಿಳಿಯಲು ಭಯ. ತಾಯಿ ಕತ್ತಿನ ಹತ್ತಿರ ಕಚ್ಚಿ ಎಳೆಯುತ್ತದೆ, ಅದು ಕಿರುಚಿಕೊಂಡು ವಾಪಸು ಹತ್ತುತ್ತದೆ, ಮತ್ತೆ ಎಳೆಯುತ್ತದೆ. ಥೇಟ್ ನರ್ಸರಿ ಸ್ಕೂಲಿನ ಮೊದಲ ದಿನ. ನಾವು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆವು. ಮೇಲೆ ಬಂದ ಮೇಲೆ ಇಬ್ಬರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡಸರು ಕ್ಯಾಮೆರಾ ತೆಗೆದುಕೊಂಡು ಹೊರಡುತ್ತಾರೆ ಎಂದು ಆಕೆ ಅಂದರು. ಅಣೆಕಟ್ಟಿನ ಸುದ್ದಿ ಪೇಪರಿನಲ್ಲಿ ಬಂದ ದಿನ ಆಕೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳಿದ್ದು ಒಂದೇ ಪ್ರಶ್ನೆ.

"ಆ ಬಂಡೆಯೂ ಮುಳುಗುತ್ತಾ ರೀ?"

ನಮ್ಮ ಪಾರ್ಕಿನ ವಾಕಿಂಗ್ ಗುಂಪಿಗೆ ಈ ವಿಷಯ ತಂದವಳು ಆರ್‌ಪಿಸಿ ಲೇಔಟ್‌ನ ಒಬ್ಬ ಲೆಕ್ಚರರ್. ನಮ್ಮ ಮಕ್ಕಳ ವಯಸ್ಸಿನವಳು. ಕಾಡಂಚಿನ ಹಳ್ಳಿಯವರ ಜೊತೆ ಅವಳಿಗೆ ಓಡಾಟವಿತ್ತು. ಆ ಜಾಗ ನೋಡಿ ಅಭಿಪ್ರಾಯ ಬರೆಯಲು ಮೇಲಿನಿಂದ ಒಂದು ತಜ್ಞರ ತಂಡ ಬರುವುದಿತ್ತು. ಹಳ್ಳಿಯವರು ದಂಡೆಯ ಮೇಲೆ ಸುಮ್ಮನೆ ನಿಲ್ಲುತ್ತಾರೆ, ನಗರದಿಂದಲೂ ನಾಲ್ಕು ಜನ ಬಂದು ನಿಂತರೆ ಅದರ ತೂಕವೇ ಬೇರೆ ಎಂದಳು.

"ನೀರು ಕುಡಿಯೋರೇ ಬಂದು ನಮ್ಮ ಹೆಸರು ಹೇಳಿ ಕಾಡು ಮುಳುಗಿಸ್ಬೇಡಿ ಅಂದ್ರೆ ಏನ್ ಮಾಡ್ತಾರೆ ಆಂಟಿ?"

ಒಪ್ಪಿದವರು, ಅವಳೂ ಸೇರಿ, ಏಳು ಜನ. ನಮ್ಮ ಬ್ಲೌಸ್ ಹೊಲಿಯುವ ಹೆಗ್ಗನಹಳ್ಳಿಯ ಟೈಲರಮ್ಮ ಒಪ್ಪಿದ್ದು ನನಗೆ ಆಶ್ಚರ್ಯ. ಅವಳ ಓಣಿಗೆ ಟ್ಯಾಂಕರಿನದೇ ನೀರು.

"ನಿಮ್ಗಿಂತ ಜಾಸ್ತಿ ನನ್ಗೇ ಬೇಕಲ್ವಾ ಆಂಟಿ ನೀರು," ಎಂದಳು ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡು. "ಆದ್ರೆ ಇರೋ ಡ್ಯಾಮಿನ್ ನೀರೇ ನಮ್ ಓಣಿ ಹತ್ತಿಲ್ಲ. ಹೊಸಾದ್ ಬಂದ್ರೆ ಹತ್ತುತ್ತಾ? ಯಾರ್ದೋ ಸ್ವಿಮ್ಮಿಂಗ್ ಪೂಲ್‌ಗೆ ಹೋಗುತ್ತೆ."

ಆ ಕಾಡಿನ ದೇವಸ್ಥಾನಕ್ಕೆ ಹೊರಟಿದ್ದೇವೆ ಎಂದು ಮನೆಗಳಲ್ಲಿ ಹೇಳುವುದು, ಬೇರೆ ಯಾರಿಗೂ ತಿಳಿಸದಿರುವುದು ಎಂದು ತೀರ್ಮಾನವಾಯಿತು. ಮೊದಲೇ ಗೊತ್ತಾದರೆ ಚೆಕ್‌ಪೋಸ್ಟಿನಲ್ಲೇ ತಡೆಯುತ್ತಾರೆ ಎಂದು ಲೆಕ್ಚರರ್ ಎಚ್ಚರಿಸಿದ್ದಳು. ಅವತ್ತಿನಿಂದ ನನಗೆ ಪಾರ್ಕಿನಲ್ಲಿ ಎಲ್ಲರೂ ಬೇಹುಗಾರರ ಹಾಗೇ ಕಂಡರು. ಕಲ್ಲುಬೆಂಚಿನ ಮೇಲೆ ದಿನಾ ಒಂದೇ ಪುಟ ಓದುತ್ತ ಕೂರುವ ಆ ಮಂಕಿಟೋಪಿಯ ಗಂಡಸು ಯಾರು? ನಮ್ಮ ಹಿಂದೆಯೇ ನಡೆಯುವ ಆ ಹೊಸ ಸೊಸೆಗೆ ಕಿವಿಯಲ್ಲಿ ಆ ಬಿಳಿ ತುಂಡು ಏಕೆ? ಸಿಲ್ಲಿ, ನನಗೂ ಗೊತ್ತು. ಆದರೆ ಹಾಗೆ ಅನ್ನಿಸುವುದು ನಿಲ್ಲಲಿಲ್ಲ.

ಇನ್ನೊಂದು ವಿಷಯ. ಇದನ್ನು ಬರೆಯಲು ನಮ್ಮ ಸ್ಕೂಲಿನ ಸಿಸ್ಟರ್‌ಗಳು ಒಪ್ಪುತ್ತಿರಲಿಲ್ಲ. ವಯಸ್ಸಾದ ಮೇಲೆ ನನಗೆ ಪದೇಪದೇ ಬಾತ್‌ರೂಮು ಬೇಕು. ಮದುವೆಗೆ ಹೋದರೂ ಮೊದಲು ಅದನ್ನು ನೋಡಿಕೊಂಡು ಕೂರುವವಳು. "ನಾನು ಬರಲ್ಲ ರೀ," ಎಂದು ಗೆಳತಿಗೆ ಹೇಳಿದ್ದೆ. "ಕಾಡಲ್ಲಿ ನಾನೆಲ್ಲಿ ಹೋಗ್ಲಿ?"

"ನೀವ್ ಬರ್ದೇ ಇದ್ರೆ ನಾನ್ ಏನ್ ಮಾಡ್ಲಿ ಅಲ್ಲಿ," ಎಂದಿದ್ದರು ಆಕೆ. "ಸುಮ್ನೆ ಹೊರಡಿ. ಏನೋ ಒಂದು ದಾರಿ ಆಗುತ್ತೆ."

ಹೀಗೆ ಹೊರಡುವುದೆಂದಾಗಿದ್ದಾಗ, ಹಿಂದಿನ ಸಂಜೆ, ಆ ಫೋನು.

ರಾತ್ರಿಯೆಲ್ಲ ಸಮಾಧಾನ ಹೇಳಿಕೊಂಡೆ. ಯಾರೋ ಅರ್ಚಕರಿಗೆ ಹೇಳಿರಬಹುದು. ಬೆಳಿಗ್ಗೆ ಟೆಂಪೋ ಟ್ರಾವೆಲರ್ ಬಂದಾಗ ಆಕೆ ಪಕ್ಕದ ಸೀಟಿನಲ್ಲಿ ಕೂತು, ಡಬ್ಬಿಯಿಂದ ಚಕ್ಕುಲಿ ಕೊಟ್ಟರು. ಕೆಂಗೇರಿ ದಾಟುವಾಗ ಕೇಳಿದೆ.

"ನಿನ್ನೆ ಸಂಜೆ ಯಾರ ಹತ್ರಾನೋ ಮಾತಾಡ್ತಿದ್ರಿ?"

"ಹಾಂ? ಗ್ಯಾಸ್‌ನವ್ನು," ಎಂದರು. ತೀರಾ ಮಾಮೂಲು ಧ್ವನಿ.

ನಾನು ಚಕ್ಕುಲಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡೆ.

ಚೆಕ್‌ಪೋಸ್ಟಿನಲ್ಲಿ ಜೀಪೊಂದು ನಿಂತಿತ್ತು. ಸ್ವೆಟರ್ ಹಾಕಿದ ಒಬ್ಬ ಅಧಿಕಾರಿ, ಇನ್ನೂ ಎಳೆ ವಯಸ್ಸಿನವನು, ಕೈಮುಗಿದು ಕಿಟಕಿಯ ಬಳಿ ಬಂದ.

"ಬಸವೇಶ್ವರನಗರದ ಲೇಡೀಸ್ ಗ್ರೂಪಲ್ವಾ ಅಮ್ಮಾ? ಬನ್ನಿ ಬನ್ನಿ. ನಿಮಗೋಸ್ಕರಾನೇ ಕಾಯ್ತಾ ಇದ್ವಿ."

ಲೆಕ್ಚರರ್ ಕಿಟಕಿಯಿಂದ ತಲೆ ಹಾಕಿ, "ನಾವು ದೇವಸ್ಥಾನಕ್ಕೆ ಹೋಗ್ತಿರೋದು," ಎಂದಳು.

"ಹೋಗೋರಂತೆ ಮೇಡಂ, ದೇವ್ರು ಎಲ್ಲೂ ಹೋಗಲ್ಲ. ಮುಂದೆ ಆನೆ ಓಡಾಟ ಇದೆ ಇವತ್ತು. ಐಬೀಲಿ ಎಲ್ಲಾ ವ್ಯವಸ್ಥೆ ಮಾಡಿದೀವಿ. ಫ್ರೆಶ್ ಆಗಿ, ಕಾಫಿ ಕುಡೀರಿ, ದಾರಿ ಕ್ಲಿಯರ್ ಆದ್ಮೇಲೆ ನಾನೇ ಕಳಿಸ್ತೀನಿ."

ಜೀಪು ಮುಂದೆ, ನಾವು ಹಿಂದೆ. ಅದೇ ಐಬಿ. ಹೆಂಚು ಹೋಗಿ ಶೀಟು ಬಂದಿತ್ತು. ಬಾತ್‌ರೂಮಿನ ನೆಲ ಫಳಫಳ ಹೊಳೆಯುತ್ತಿತ್ತು, ಹೊಸ ಮಗ್ಗು, ಹೊಸ ಸೋಪು, ಮೂಲೆಯಲ್ಲಿ ಫಿನಾಯಿಲ್ ಬಾಟಲಿ. ನನಗೆ ಆ ಹೊತ್ತಿಗೆ ಅದರ ಅಗತ್ಯ ಎಷ್ಟಿತ್ತೆಂದರೆ ಎಲ್ಲರಿಗಿಂತ ಮೊದಲು ನಾನೇ ನುಗ್ಗಿದೆ. ಒಳಗೆ ಕೂತು ಯೋಚಿಸಿದೆ: ಇಷ್ಟು ಚೆನ್ನಾಗಿ ತೊಳೆದಿಟ್ಟಿದ್ದಾರೆ ಎಂದರೆ ನಾವು ಬರುವುದು ನಿನ್ನೆಯೇ ಗೊತ್ತಿತ್ತು.

ಕೇಸರಿಬಾತು ಬಂತು, ಉಪ್ಪಿಟ್ಟು ಬಂತು, ಸ್ಟೀಲ್ ಲೋಟದಲ್ಲಿ ಒಳ್ಳೆಯ ಕಾಫಿ ಬಂತು. ಯಾರೂ ನಮ್ಮನ್ನು ಬೈಯಲಿಲ್ಲ, ತಡೆದೆವು ಎಂದೂ ಹೇಳಲಿಲ್ಲ. ಲೆಕ್ಚರರ್ ಗೇಟಿನವರೆಗೆ ಹೋದಾಗಲೆಲ್ಲ ಆ ಅಧಿಕಾರಿ, "ಆನೆ ಮೇಡಂ," ಎನ್ನುತ್ತ ನಗುನಗುತ್ತ ಅಡ್ಡ ಬರುತ್ತಿದ್ದ. ಕೆಳಗೆ, ಮರಗಳ ಆಚೆ, ಹೊಳೆಯ ಸದ್ದು ಕೇಳುತ್ತಿತ್ತು. ಸ್ಕೂಲ್ ಎಕ್ಸ್‌ಕರ್ಷನ್‌ನಲ್ಲಿ ಇದೇ ಹೊಳೆಯ ದಂಡೆಯಲ್ಲಿ ನಮ್ಮ ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು "ಹಶ್, ಗರ್ಲ್ಸ್, ಲಿಸನ್" ಎಂದದ್ದು ನೆನಪಾಯಿತು. ಅವತ್ತು ಕೇಳಿದ ಆ ನೀರೇ ಇದು. ಇಳಿದು ನೋಡಲು ಬಿಡುತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ದಾರಿಯಲ್ಲಿ ಕಾರುಗಳು ಸಾಲಾಗಿ ವಾಪಸು ಹೋದವು. ತಜ್ಞರ ತಂಡ. ಅದಾಗಿ ಸ್ವಲ್ಪ ಹೊತ್ತಿಗೆ ಆನೆಯೂ ಹೊರಟುಹೋಯಿತಂತೆ.

ಗೆಳತಿ ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದರು. ಜೀಪು ಕಂಡ ಗಳಿಗೆಯಿಂದ ಆಕೆಯ ಮುಖದಲ್ಲಿ ರಕ್ತವಿರಲಿಲ್ಲ. ಕಾಫಿ ಮುಟ್ಟಲಿಲ್ಲ.

ವಾಪಸು ಬರುವಾಗ ಟೈಲರಮ್ಮ ಹಿಂದಿನ ಸೀಟಿನಿಂದ, ಯಾರನ್ನೂ ನೋಡದೆ, ಕಿಟಕಿಗೆ ಹೇಳಿದಳು. "ಯಾರ್ ಮನೇಲಿ ಡ್ಯಾಮ್ ಕಟ್ಟೋರು ಇದಾರೋ ಅವ್ರ ಮನೆಯಿಂದಾನೇ ಹೋಗಿರುತ್ತೆ ಸುದ್ದಿ. ಇನ್ನೆಲ್ಲಿಂದ ಹೋಗುತ್ತೆ?"

ಗೆಳತಿ ತಿರುಗಿ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

ಮಾರನೆಯ ದಿನ ಪಾರ್ಕಿನಲ್ಲಿ ಲೆಕ್ಚರರ್ ನನ್ನನ್ನು ಪಕ್ಕಕ್ಕೆ ಕರೆದಳು. ಇನ್ನು ಉಳಿದಿರುವುದು ಸಾರ್ವಜನಿಕ ಅಹವಾಲು, ಅಲ್ಲಿ ಯಾರು ಬೇಕಾದರೂ ಮೈಕ್ ಮುಂದೆ ನಿಂತು ಅಣೆಕಟ್ಟು ಬೇಕು, ಬೇಡ ಎಂದು ಹೇಳಬಹುದು. ಅದಕ್ಕೆ ಹೋಗುವ ಮೊದಲು ಹಳ್ಳಿಯವರ ಜೊತೆ ಕೂತು ಯಾರು ಏನು ಮಾತಾಡುವುದೆಂದು ಗೊತ್ತುಮಾಡಿಕೊಳ್ಳಬೇಕು.

"ಹಳ್ಳಿಯವ್ರು ನಮ್ಮನ್ನ ನಂಬಿ ಕೂತಿದಾರೆ ಆಂಟಿ. ಇನ್ನೊಂದ್ ಸಲ ಹಿಂಗಾದ್ರೆ ನಾನು ಅವ್ರಿಗೆ ಮುಖ ತೋರ್ಸಕ್ಕಾಗಲ್ಲ. ನಿಮ್ ಪಕ್ಕದ್ಮನೆ ಆಂಟೀನ ಸೇರಿಸ್ಕೊಳ್ಳೋದಾ, ಬೇಡ್ವಾ? ನೀವೇ ಹೇಳ್ಬೇಕು. ನೀವು ಬೇಡ ಅಂದ್ರೆ ಸದ್ದಿಲ್ದೆ ಬಿಟ್ಬಿಡ್ತೀವಿ."

"ನಂಗೆ ಸ್ವಲ್ಪ ಟೈಮ್ ಕೊಡಮ್ಮಾ," ಎಂದೆ. ಕೇಳಿಸಿಕೊಂಡ ಫೋನಿನ ಮಾತನ್ನು ಹೇಳಲಿಲ್ಲ. ಹೇಳಿದ್ದರೆ ಆ ಕ್ಷಣವೇ ತೀರ್ಮಾನವಾಗಿಬಿಡುತ್ತಿತ್ತು, ಮತ್ತು ಆಮೇಲೆ ಕಾಂಪೌಂಡಿನ ಎರಡು ಬದಿ ನಾವಿಬ್ಬರೂ ಸಾಯುವವರೆಗೆ ನೈಸ್ ಆಗಿ, ಪೊಲೈಟ್ ಆಗಿ ಬದುಕುತ್ತಿದ್ದೆವು. ನನಗೆ ಅದು ಬೇಕಿರಲಿಲ್ಲ. ಹಾಗೆಂದು ಬಾಗಿಲು ತಟ್ಟಿ ನೇರವಾಗಿ ಕೇಳುವ ಧೈರ್ಯವೂ ಬರಲಿಲ್ಲ. ಕೇಳಿದರೆ ಆಕೆ ಮತ್ತೆ ಆ ಮಾಮೂಲು ಧ್ವನಿಯಲ್ಲಿ ಉತ್ತರ ಕೊಟ್ಟುಬಿಟ್ಟರೆ?

ಆಕೆ ವಾಕಿಂಗಿಗೆ ಬರುವುದು ನಿಲ್ಲಿಸಿದರು. ಹಿತ್ತಲಿಗೆ ಬಂದರೂ ನಾನಿದ್ದರೆ ಒಳಗೆ ಹೋಗುತ್ತಿದ್ದರು. ನಾನು ತುಳಸಿಯ ಹತ್ತಿರ ಬೇಕೆಂದೇ ಹೆಚ್ಚು ಹೊತ್ತು ನಿಂತು ಕಿವಿಗೊಡುತ್ತಿದ್ದೆ. ಕುಕ್ಕರ್ ಕೂಗು, ಟಿವಿ, ಸಾಹೇಬರ ಕೆಮ್ಮು. ಮಾತೇ ಇಲ್ಲ.

ಒಂದು ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಗೇಟಿಗೆ ಬಂದಾಗ ಸಾಹೇಬರು ಪೇಪರಿನ ಮೇಲಿಂದ ತಲೆಯೆತ್ತಿದರು.

"ಏನ್ ಮೇಡಂ, ಐಬಿ ಕೇಸರಿಬಾತು ಹೆಂಗಿತ್ತು? ತುಪ್ಪ ಚೆನ್ನಾಗ್ ಹಾಕಿದ್ನಾ?"

ನಗುತ್ತಿದ್ದರು. ನಾನೂ ನಕ್ಕೆ. "ಚೆನ್ನಾಗಿತ್ತು ಸಾರ್. ಗೋಡಂಬಿ ಸ್ವಲ್ಪ ಕಮ್ಮಿ."

ಒಳಗೆ ಬಂದು ಹಾಲಿನ ಪ್ಯಾಕೆಟ್ಟು ಹಿಡಿದೇ ಕೂತೆ. ಅಂದರೆ ಆಕೆ ಮನೆಗೆ ಬಂದು ಎಲ್ಲವನ್ನೂ ಹೇಳಿದ್ದಾರೆ. ಗಂಡ ಹೆಂಡತಿ ಕೂತು ನಮ್ಮ ಕೇಸರಿಬಾತಿನ ಕಥೆ ಹೇಳಿಕೊಂಡು ನಕ್ಕಿದ್ದಾರೆ. ಐ ವಾಸ್ ಹರ್ಟ್. ಬೇರೆ ಮಾತು ಸಿಗುತ್ತಿಲ್ಲ. ಅವತ್ತೇ ಲೆಕ್ಚರರ್‌ಗೆ ಫೋನ್ ಮಾಡಿ "ಬೇಡಮ್ಮಾ" ಎಂದು ಹೇಳಿಬಿಡಬೇಕೆಂದು ನಂಬರ್ ತೆಗೆದೂ ಆಗಿತ್ತು.

ಆ ಹೊತ್ತಿಗೆ ಹಿತ್ತಲಿನಲ್ಲಿ ಏನೋ ದೊಪ್ಪೆಂದು ಬಿದ್ದ ಸದ್ದಾಯಿತು.

ಹಸಿರು ಪೈಪು. ಆ ವಾರ ನೀರು ಬಂದಿರಲಿಲ್ಲ, ನನ್ನ ಸಂಪು ತಳ ಕಂಡಿತ್ತು, ಅಭಿಮಾನಕ್ಕೆ ನಾನು ಟ್ಯಾಂಕರ್ ತರಿಸಲು ಯೋಚಿಸುತ್ತಿದ್ದೆ. ಪೈಪು ಗೋಡೆಯ ಈಚೆಗೆ ಬಿದ್ದು ನೀರು ಕಕ್ಕುತ್ತಿತ್ತು. "ಹಿಡ್ಕೊಳ್ರೀ" ಎನ್ನುವ ಮಾತು ಮಾತ್ರ ಬರಲಿಲ್ಲ.

ಪೈಪಿನ ತುದಿಯನ್ನು ಸಂಪಿಗೆ ಇಳಿಬಿಟ್ಟು, ಗೋಡೆಯ ಹತ್ತಿರ ಹೋಗಿ ನಿಂತೆ. ಆಚೆ ಆಕೆ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು.

"ರೀ, ಗ್ಯಾಸ್‌ನವನಿಗೆ ಏಳು ಜನ ಹೆಂಗಸರ ಲೆಕ್ಕ ಯಾಕ್ರೀ ಬೇಕಿತ್ತು?"

ಆಕೆ ತಲೆಯೆತ್ತಲಿಲ್ಲ. "ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ."

"ಅವತ್ತೇ ಯಾಕ್ ಕೇಳ್ಲಿಲ್ಲ ಮತ್ತೆ, ಬಿಡಿಸಿ?"

"ಕೇಳಿದ್ನಲ್ಲ. ಗ್ಯಾಸ್‌ನವ್ನು ಅಂದ್ರಿ."

ಆಮೇಲೆ ಆಕೆ ಎದ್ದು ಬಂದು ಎಂದಿನಂತೆ ಗೋಡೆಯ ಮೇಲೆ ಮೊಣಕೈ ಊರಿದರು. ಕಣ್ಣು ಊದಿಕೊಂಡಿತ್ತು.

"ಐಬಿ ವಾಚ್‌ಮನ್‌ಗೆ ರೀ ಮಾಡಿದ್ದು. ಅವತ್ತು ನಮ್ಗೆಲ್ಲಾ ಅಡುಗೆ ಮಾಡಿ ಹಾಕಿದ್ನಲ್ಲ, ಅವನ ಮಗನೇ ಈಗ ಅಲ್ಲಿರೋದು. ಬಾತ್‌ರೂಮ್ ಒಂದು ತೊಳೆದು, ಬೀಗ ತೆಗೆದಿಟ್ಟಿರಪ್ಪಾ, ಯಾರಿಗೂ ಹೇಳ್ಬೇಡ ಅಂದೆ. ನೀವು ಬರಲ್ಲ ಅಂತ ಕೂತಿದ್ರಲ್ಲ. ನಿಮಗೆ ಹೇಳಿದ್ರೆ ನಾಚ್ಕೊಂಡು ಇನ್ನೂ ಬರ್ತಿರ್ಲಿಲ್ಲ. ನಂಗೇನ್ ಗೊತ್ತು ಆ ಹುಡುಗ ಹೋಗಿ ಮೇಲಿನೋರಿಗೆ ಹೇಳ್ತಾನೆ ಅಂತ."

ನನಗೆ ನಗು ಬಂತು. ಗುಟ್ಟಾಗಿ ಪ್ರತಿಭಟನೆಗೆ ಹೊರಟು, ಯಾರ ವಿರುದ್ಧ ಹೊರಟೆವೋ ಅವರಿಗೇ ಫೋನ್ ಮಾಡಿ ಬಾತ್‌ರೂಮ್ ತೊಳೆಸಿಡಿ ಎನ್ನುವ ಹೆಂಗಸರು ಬಸವೇಶ್ವರನಗರದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಾರರು. ಆದರೆ ನಗು ಪೂರ್ತಿ ಹೊರಗೆ ಬರುವ ಮೊದಲೇ ಬೆಳಗಿನ ಮಾತು ಅಡ್ಡ ಬಂತು.

"ಅದೆಲ್ಲಾ ಸರಿ. ಮನೇಲಿ ಕೂತ್ಕೊಂಡು ಕೇಸರಿಬಾತಿನ ಕಥೆ ಯಾಕ್ ಹೇಳಿದ್ರಿ ಸಾರ್‌ಗೆ? ಬೆಳಿಗ್ಗೆ ಗೇಟಲ್ಲಿ ನನ್ನ ಆಡ್ಕೊಂಡ್ರು."

"ಯಾವ ಕೇಸರಿಬಾತು?"

"ಐಬೀದು. ತುಪ್ಪ ಚೆನ್ನಾಗ್ ಹಾಕಿದ್ನಾ ಅಂದ್ರು."

ಆಕೆ ನನ್ನನ್ನೇ ನೋಡಿದರು. "ನಾನು ಅವ್ರಿಗೆ ಒಂದ್ ಮಾತೂ ಹೇಳಿಲ್ಲ ರೀ. ದೇವಸ್ಥಾನ ಚೆನ್ನಾಗಿತ್ತು ಅಂತ ಅಷ್ಟೇ ಹೇಳಿದ್ದು. ಪ್ರಸಾದ ಅಂತ ಒಂದಿಷ್ಟು ಕುಂಕುಮಾನೂ ಕೊಟ್ಟೆ."

ಈ ಧ್ವನಿ ಮಾಮೂಲಾಗಿರಲಿಲ್ಲ. ಅಳು ಕಿತ್ತುಬರುವ ಹಾಗಿತ್ತು. ನನ್ನ ಕಿವಿ ಅದನ್ನು ನಂಬಿತು.

"ವಾಚ್‌ಮನ್ ನಂಬರ್ ನಿಮ್ಗೆ ಎಲ್ಲಿ ಸಿಕ್ತು?" ಎಂದೆ.

ಉತ್ತರ ಬರುವ ಮೊದಲೇ ನಮ್ಮಿಬ್ಬರಿಗೂ ಗೊತ್ತಾಗಿತ್ತು.

"ಇವ್ರೇ ಹುಡುಕಿ ಕೊಟ್ರು," ಎಂದರು ಆಕೆ. "ದೇವಸ್ಥಾನದ ಹತ್ರ ಬಾತ್‌ರೂಮ್ ಇರಲ್ಲ, ಪಕ್ಕದ್ಮನೆಯವ್ರಿಗೆ ಕಷ್ಟ ಅಂತ ಹೇಳಿದ್ದೆ. ಐಬಿಗೆ ಮಾಡು, ನಮ್ಮೋರೇ ಇದಾರೆ ಅಂತ... ಡಯಲ್ ಮಾಡಿ ಕೈಗೆ ಕೊಟ್ರು ರೀ."

ತಂಡ ಬರುವ ದಿನ ಯಾವುದೆಂದು ಸಾಹೇಬರಿಗೆ ತಿಳಿಯದೇ ಇರುತ್ತದೆಯೇ? ಹಳೆಯ ಸಹೋದ್ಯೋಗಿಗಳ ಜೊತೆ ದಿನಾ ಫೋನು. ಹೆಂಡತಿ ಅದೇ ದಿನ, ಅದೇ ದಿಕ್ಕಿಗೆ, ಆರು ಜನ ಹೆಂಗಸರ ಜೊತೆ ಹೊರಟರೆ ಅಷ್ಟು ಲೆಕ್ಕ ಹಾಕಲಾರದ ಇಂಜಿನಿಯರ್ ಏನಲ್ಲ. ತಡೆಯಲಿಲ್ಲ, ಕೂಗಾಡಲಿಲ್ಲ. ಹೆಂಡತಿ ಫೋನಿಟ್ಟ ಮೇಲೆ ತಾವೊಂದು ಫೋನ್ ಮಾಡಿದರು. ನಮ್ಮನ್ನು ಸುರಕ್ಷಿತವಾಗಿ ಕೂರಿಸಿ, ಬಿಸಿ ಕಾಫಿ ಕೊಟ್ಟು ಕಳಿಸಿ ಎಂದು ಹೇಳಿರಬೇಕು. ಕೇಸರಿಬಾತಿಗೆ ತುಪ್ಪ ಜಾಸ್ತಿ ಹಾಕಲು ಹೇಳಿದ್ದೂ ಅವರೇ ಇರಬೇಕು.

"ಇಷ್ಟು ವರ್ಷ," ಎಂದರು ಗೆಳತಿ, ಅಡುಗೆಮನೆಯ ಕಿಟಕಿಯ ಕಡೆ ನೋಡುತ್ತ. ಒಳಗೆ ಸಾಹೇಬರು ಟಿವಿಯ ಸದ್ದು ಜಾಸ್ತಿ ಮಾಡಿದ್ದು ಕೇಳಿಸಿತು. "ಇನ್ನೂ ಏನೇನಕ್ಕೆ ಡಯಲ್ ಮಾಡಿ ಕೈಗೆ ಕೊಟ್ಟಿದಾರೋ."

ಅಷ್ಟರಲ್ಲಿ ಪೈಪು ಸಂಪಿನಿಂದ ಜಾರಿ ನೀರು ಚಪ್ಪಲಿಯ ಕೆಳಗೆ ಹರಿಯತೊಡಗಿತ್ತು. ಆಕೆ ನಲ್ಲಿ ನಿಲ್ಲಿಸಲು ಓಡಿದರು, ನಾನು ಪೈಪು ಹಿಡಿಯಲು.

ಲೆಕ್ಚರರ್‌ಗೆ ಸಂಜೆ ಫೋನ್ ಮಾಡಿದೆ. "ಅವರು ಬರ್ತಾರೆ," ಎಂದೆ. "ಅವರಿಲ್ದೆ ನಾನೂ ಬರಲ್ಲ."

"ಶ್ಯೂರಾ ಆಂಟಿ? ಮನೇಲಿ ಆ ಅಂಕಲ್..."

"ಅಂಕಲ್ ಮೇಲೆ ನಂಗೂ ಡೌಟಿದೆ. ಆಂಟಿ ಮೇಲಿಲ್ಲ."

ಅಹವಾಲಿನ ದಿನ ಬೆಳಿಗ್ಗೆ ಟ್ರಾವೆಲರ್ ನಮ್ಮ ರಸ್ತೆಗೆ ಬಂದು ನಿಂತಾಗ ಸಾಹೇಬರು ಎಂದಿನಂತೆ ಪೇಪರ್ ಹಿಡಿದು ಗೇಟಿನಲ್ಲಿದ್ದರು.

"ಏನೇ, ಎಲ್ಲಿಗೆ ಸವಾರಿ? ಮತ್ತೆ ದೇವಸ್ಥಾನಾನಾ?"

ನಾನು ಮೆಟ್ಟಿಲು ಹತ್ತುತ್ತಿದ್ದವಳು ಅಲ್ಲೇ ನಿಂತೆ. ಗೆಳತಿ ಚಪ್ಪಲಿಯ ಪಟ್ಟಿ ಹಾಕಿಕೊಂಡು, ಸೆರಗು ಸಿಗಿಸಿ, ರಸ್ತೆಗೆಲ್ಲ ಕೇಳುವ ಹಾಗೆ ಹೇಳಿದರು.

"ಅಹವಾಲಿಗೆ. ಡ್ಯಾಮ್ ಬೇಡ ಅಂತ ಹೇಳಕ್ಕೆ. ಫೋನ್ ಮಾಡೋದಿದ್ರೆ ಈಗ್ಲೇ ಮಾಡ್ಬಿಡಿ, ಬಾತ್‌ರೂಮ್ ತೊಳೆದಿಟ್ಟಿರ್ಲಿ."

ಟ್ರಾವೆಲರ್ ಒಳಗಿನಿಂದ ಟೈಲರಮ್ಮನ ನಗು ಕೇಳಿತು. ಸಾಹೇಬರು ನಗಲಿಲ್ಲ. ಪೇಪರನ್ನು ನಿಧಾನವಾಗಿ ಮಡಿಸಿದರು. ಕಾಲುವೆಯ ಕಥೆ ಹೇಳುವಾಗಿನ ಹಾಗೆ ಮುಖ ಒಂದು ಥರ ಆಗಿತ್ತು.

"ತಿಂಡಿ ಡಬ್ಬಿ ಮರೀಬೇಡ," ಎಂದರು ಅಷ್ಟೇ.

ಅಹವಾಲು ನಡೆದದ್ದು ಕಾಡಿನ ಸಮೀಪದ ಊರೊಂದರ ಸಮುದಾಯ ಭವನದಲ್ಲಿ. ಹಳ್ಳಿಯವರು ಆಗಲೇ ತುಂಬಿದ್ದರು, ಪೊಲೀಸರೂ ಇದ್ದರು. ಅಣೆಕಟ್ಟು ಬೇಕೆನ್ನುವವರು ಬಸ್ಸುಗಳಲ್ಲಿ ಬಂದು ಮುಂದಿನ ಕುರ್ಚಿಗಳನ್ನು ಹಿಡಿದಿದ್ದರು. ನನಗೆ ಜಾಗ ಹುಡುಕುವ ಮೊದಲು ಗೆಳತಿ ಅಭ್ಯಾಸದಂತೆ ಹಿಂದಿನ ಬಾಗಿಲಿನಿಂದ ಹೋಗಿ ನೋಡಿಕೊಂಡು ಬಂದರು. ಬಂದವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ತೊಳೆದಿದೆ ರೀ."

"ಅಂದ್ರೆ?"

"ಈಗ ತಾನೇ ತೊಳೆದಿದಾರೆ. ನೆಲ ಇನ್ನೂ ಒದ್ದೆ. ಫಿನಾಯಿಲ್ ವಾಸನೆ. ಹೊಸ ಮಗ್ಗಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ದೊಡ್ಡ ಸಭೆ ಇರುವ ದಿನ ಬಾತ್‌ರೂಮ್ ತೊಳೆದಿರುವುದರಲ್ಲಿ ಆಶ್ಚರ್ಯವೇನಿಲ್ಲ. ಸರ್ಕಾರಿ ಕಾರ್ಯಕ್ರಮ. ತೊಳೆಯುತ್ತಾರೆ. ಆದರೆ ಹೊಸ ಮಗ್ಗು?

"ಸಾರ್ ಮಾಡಿರ್ತಾರಾ?" ಎಂದೆ. "ಮಾಡಿದ್ರೆ, ಯಾಕ್ ಮಾಡಿದ್ರು? ನಮ್ಮ ಮೇಲೆ ಕಣ್ಣಿಡಕ್ಕಾ, ಇಲ್ಲಾ..."

"ಮೊದ್ಲು ಹೋಗಿ ಬನ್ನಿ," ಎಂದು ನನ್ನ ಭುಜ ಹಿಡಿದು ತಿರುಗಿಸಿದರು. "ಅನುಮಾನ ಆಮೇಲೆ ಪಡೋಣ."

ನಾನು ವಾಪಸು ಬರುವ ಹೊತ್ತಿಗೆ ಆಕೆ ಮೈಕಿನ ಮುಂದೆ ನಿಂತಿದ್ದರು. ಬರೆದು ತಂದ ಮಾತೇನೂ ಕೈಯಲ್ಲಿರಲಿಲ್ಲ. ತಾನು ಬಸವೇಶ್ವರನಗರದವಳು, ನೀರಾವರಿ ಇಂಜಿನಿಯರ್ ಒಬ್ಬರ ಹೆಂಡತಿ ಎಂದು ಮೊದಲೇ ಹೇಳಿದರು. ಮುಂದಿನ ಸಾಲಿನಲ್ಲಿ ಯಾರೋ, "ಮನೇಲಿ ಸಾಹೇಬ್ರಿಗೆ ಗೊತ್ತೇನಮ್ಮಾ?" ಎಂದು ಕೂಗಿದರು. ಸಭೆ ನಕ್ಕಿತು.

"ಗೊತ್ತು," ಎಂದರು ಆಕೆ. "ಗೇಟಲ್ಲೇ ಹೇಳಿ ಬಂದಿದೀನಿ."

ಆಮೇಲೆ, ಇಷ್ಟು ವರ್ಷ ನಾವಿಬ್ಬರೇ ಇಟ್ಟುಕೊಂಡಿದ್ದ ಆ ಬೆಳಗಿನ ಬಂಡೆಯನ್ನು, ನೀರಿಗಿಳಿಯಲು ಹೆದರಿ ಕಿರುಚುತ್ತಿದ್ದ ಆ ಮರಿಯನ್ನು, ಆಕೆ ಅಷ್ಟು ಜನರ ಮುಂದೆ ಹೇಳತೊಡಗಿದರು. ನಾನು ಗೋಡೆಗೆ ಒರಗಿ ನಿಂತು ಕೇಳಿದೆ. ಧ್ವನಿ ನಡುಗುತ್ತಿತ್ತು. ಕೊನೆಯವರೆಗೂ ನಡುಗುತ್ತಲೇ ಇತ್ತು.